ಉಡಿಗೆ ಹಾಕಿದ ಮಗ

ಜೇವರ್ಗಿ ಕಾಲೋನಿ, ಕಲಬುರಗಿ
14-3-2004

ದೊಡ್ಡವ್ವನವರಿಗೆ ನೀಲಕಂಠನ ಶರಣು.

ಇತ್ತ ಎಲ್ಲರೂ ಕ್ಷೇಮ, ಅತ್ತಲೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವ ರೂಢಿ. ಇವತ್ತು ಬರೆಯಲಾರೆ. ಅಲ್ಲಿ ಕ್ಷೇಮವಿಲ್ಲವೆಂದು ಮೊನ್ನೆ ಹುಮನಾಬಾದ್ ಬಸ್ಸಿನಲ್ಲಿ ಗೊತ್ತಾಯಿತು. ಕಂಡಕ್ಟರ್ ಬುರ್ಹಾನುದ್ದೀನ್ ಟಿಕೆಟ್ ಹರಿಯುತ್ತ ಚೇಷ್ಟೆಯ ದನಿಯಲ್ಲೇ ಕೇಳಿದ: "ಏನ್ರೀ ಲೈಬ್ರರಿ ಸಾಹೇಬ್ರ, ಗಟಾರ ತುಂಬಿದ್ರ ಪೇಪರಿಗೆ ಬರೀತೀರಿ, ರೈಲು ತಡಾ ಆದ್ರ ಬರೀತೀರಿ. ನಿಮ್ಮ ಮರೆಪ್ಪಣ್ಣ ತಿಂಗಳಾ ರಕ್ತ ಹಾಕಿಸ್ಕೊಳ್ಳಾಕ ನನ್ನ ಬಸ್ಸಿನ್ಯಾಗ ಬರ್ತಾನ, ಅದು ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ನಮ್ಮ ಮನೆಯಿಂದ ಆ ದವಾಖಾನೆಗೆ ನಡೆದೇ ಹೋಗಬಹುದು. ಒಂದು ವರ್ಷದಿಂದ ಅಲ್ಲಿಗೆ ಬಂದು ಹೋಗುತ್ತಿದ್ದೀರಿ, ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ.

ಮರುದಿನ ಹೋದೆ. ಮರೆಪ್ಪ ಮಂಚದ ಮೇಲಿದ್ದ. ಮುಖ ಬೂದಿಯಂತಾಗಿದೆ, ಕೈಕಾಲು ಕಡ್ಡಿ, ಎಡಹೊಟ್ಟೆ ಮಾತ್ರ ಅಂಗಿಯೊಳಗೆ ಗುಂಡುಕಲ್ಲು ಇಟ್ಟಂತೆ. ನನ್ನನ್ನು ನೋಡಿ, "ಬಂದೇನು? ಕುಂದ್ರು. ಈ ದವಾಖಾನಿ ಮ್ಯಾಲ ಪೇಪರ್‌ದಾಗ ಬರಿಬ್ಯಾಡಪ, ಇವರು ಕೊಡೋ ರಕ್ತ ನಿಲ್ಲಿಸ್ಯಾರು" ಎಂದ. ನಕ್ಕೆವು.

ಹೊರಗೆ ಶಾರದಾಬಾಯಿ ವೈನಿ ಎಲ್ಲವನ್ನೂ ಹೇಳಿದರು. ಎರಡು ವರ್ಷ ಮಲೇರಿಯಾ ಎಂದು ಗುಳಿಗೆ ನುಂಗಿಸಿದರಂತೆ. ಎಡಹೊಟ್ಟೆಯೊಳಗಿನ ಗುಲ್ಮ ಉಬ್ಬಿದ್ದು ಕಂಡರೆ ನಮ್ಮ ಭಾಗದ ಡಾಕ್ಟರರಿಗೆ ಮಲೇರಿಯಾ ಬಿಟ್ಟು ಬೇರೆ ರೋಗ ನೆನಪಾಗುವುದಿಲ್ಲ. ನಿಜಾಮ ಹೋದ, ಹೈದರಾಬಾದ ರಾಜ್ಯ ಹೋಯಿತು, ಕರ್ನಾಟಕ ಬಂತು. ಇಷ್ಟು ದೊಡ್ಡ ವಿಭಾಗಕ್ಕೆ ಇವತ್ತಿಗೂ ರಕ್ತದ ರೋಗ ತಿಳಿದ ಒಬ್ಬ ಡಾಕ್ಟರನಿಲ್ಲ, ಮತ್ತೆ ಹೈದರಾಬಾದಿಗೇ ಓಡಬೇಕು. ಇರಲಿ, ಅದು ಬೇರೆ ಜಗಳ.

ಹೋದ ವರ್ಷ ಹೈದರಾಬಾದಿನ ಡಾಕ್ಟರರು ರೋಗದ ಹೆಸರು ಹೇಳಿದ್ದಾರೆ, ಮೈಲೋಫೈಬ್ರೋಸಿಸ್. ನಮ್ಮ ಕಾಲೇಜಿನ ಪುಸ್ತಕಗಳಲ್ಲಿ ಸಿಗಲಿಲ್ಲ, ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೂತು ಓದಿದೆ. ಎಲುಬಿನ ಒಳಗೆ ರಕ್ತ ಹುಟ್ಟುವ ಮೆತ್ತನೆಯ ಜಾಗವಿದೆ, ಮಜ್ಜೆ. ಮರೆಪ್ಪನ ಎಲುಬಿನಲ್ಲಿ ಅದು ಹಳೆಯ ಗಾಯದ ಕಲೆಯ ಹಾಗೆ ನಾರುಗಟ್ಟಿದೆ. ಸೂಜಿ ಇಳಿಸಿ ಎಳೆದರೆ ಒಂದು ಹನಿ ಬರಲಿಲ್ಲವಂತೆ. ಎಲುಬು ಬಿಟ್ಟ ಕೆಲಸವನ್ನು ಗುಲ್ಮ ಹೊತ್ತುಕೊಂಡು ಉಬ್ಬಿದೆ. ಗುಳಿಗೆಯಿಂದ ಇದು ವಾಸಿಯಾಗದು. ಬೇರೆಯವರ ರಕ್ತದ ಮೂಲಕಣಗಳನ್ನು ಅವನ ಮೈಗೆ ನೆಟ್ಟು ಹೊಸ ಮಜ್ಜೆ ಬೆಳೆಸಬೇಕು. ಆ ಕಣಗಳು ಹೊಂದಬೇಕು. ಹೊಂದುವ ಸಂಭವ ಹೆಚ್ಚಿರುವುದು ಒಡಹುಟ್ಟಿದವರದು.

"ಅದಕ್ಕ ಡಾಕ್ಟರು ಕೇಳಿದ್ರು, ಅಣ್ಣತಮ್ಮರು ಎಷ್ಟು ಮಂದಿ ಅಂತ" ಎಂದರು ವೈನಿ. "ಅತ್ತಿಯವರು ಹೇಳಿದ್ರು, ನಂಗ ಒಬ್ಬನೇ ಮಗಾರಿ ಅಂತ."

"ನೀವೇನಂದ್ರಿ ವೈನಿ?"

"ಅತ್ತಿಯವರ ಮುಂದ ನಾ ಏನನ್ಲಿ?"

ದೊಡ್ಡವ್ವ, ನನ್ನನ್ನು ಹೆತ್ತವರು ನೀವು. ಐದು ವರ್ಷದವನಿದ್ದಾಗ ಮಕ್ಕಳಿಲ್ಲದ ಕಾಕಾನಿಗೆ ದತ್ತು ಕೊಟ್ಟಿರಿ. ಅವತ್ತಿನಿಂದ ನೀವು ನನಗೆ ದೊಡ್ಡವ್ವ, ಮರೆಪ್ಪ ದೊಡ್ಡಪ್ಪನ ಮಗ. ಮಂದಿಗೆ ಹೇಳಲು ಆ ಲೆಕ್ಕ ಸರಿ, ರಕ್ತ ಪರೀಕ್ಷೆಗೆ ಸರಿಯಲ್ಲ. ನನ್ನ ರಕ್ತ ನೋಡಿಸುತ್ತೇನೆಂದು ಮರೆಪ್ಪನಿಗೆ ಹೇಳಿದೆ. ಅವನು ಗೋಡೆಗೆ ಮುಖ ತಿರುಗಿಸಿದ. "ಅವ್ವನ ಮಾತು ಸುಳ್ಳು ಮಾಡಿ ನಾ ಬದುಕೂದಿಲ್ಲ. ಆಕಿ ಡಾಕ್ಟರ್ ಮುಂದ ತನ್ನ ಬಾಯಿಲೆ ಹೇಳಲಿ, ಆಮ್ಯಾಲ ನೋಡೂಣು."

ನೀವು ಹೈದರಾಬಾದಿಗೆ ಹೋಗಿ ಆ ಡಾಕ್ಟರರಿಗೆ ಇಬ್ಬರು ಎಂದು ಹೇಳಬೇಕು. ನಿಮ್ಮ ಮನೆಯ ಫೋನು ಪಡಸಾಲೆಯಲ್ಲಿದೆ, ಎಲ್ಲರೆದುರು ಆಡುವ ಮಾತಲ್ಲವೆಂದು ಬರೆಯುತ್ತಿದ್ದೇನೆ.

ನಿಮ್ಮ ಮೈದುನನ ಮಗ,
ನೀಲಕಂಠ


ಕಮಲಾಪುರ
29-3-2004

ಚಿರಂಜೀವಿ ನೀಲಕಂಠನಿಗೆ ದೊಡ್ಡವ್ವನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ದನದ ಕೊಟ್ಟಿಗೆಯಲ್ಲಿ ನಿಂತು ಓದಿದೆ. ನನ್ನ ಕಾಲದ ಶಾಲೆ ಉರ್ದುವಿನದು, ಅದಕ್ಕೆ ನನ್ನನ್ನು ಕಳಿಸಲಿಲ್ಲ. ಮಠದ ಅಯ್ಯನವರು ಕಲಿಸಿದ ನಾಲ್ಕು ಅಕ್ಷರ ನನ್ನವು. ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನನ್ನು ನಿನ್ನ ಚಿಗವ್ವನ ಉಡಿಗೆ ಹಾಕಿದ್ದು ಇದೇ ಪಡಸಾಲೆಯಲ್ಲಿ. ಅಯ್ಯನವರು ವಿಭೂತಿ ಹಚ್ಚಿದರು. ನೀನು ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಬಿಡಿಸಿದವಳು ನಾನೇ. ಆಮೇಲೆ ಅವಳು ನನ್ನ ಎರಡೂ ಕೈ ಹಿಡಿದು ಒಂದೇ ಮಾತು ಕೇಳಿದಳು: "ಅಕ್ಕಾ, ನಾಳಿ ಮಂದಿ ನಿಂಗ ಎಷ್ಟು ಮಕ್ಕಳು ಅಂದ್ರ ಏನಂತೀ?" ಒಬ್ಬನೇ ಎಂದೆ. ಅಂದಿನಿಂದ ಯಾರು ಕೇಳಿದರೂ ಅಷ್ಟೇ. ಜನಗಣತಿಗೆ ಬಂದ ಮಾಸ್ತರಿಗೂ ಅದನ್ನೇ ಬರೆಸಿದೆ. ಮರೆಪ್ಪನ ಮದುವೆಯಲ್ಲಿ ನೀನು ಬೀಗರ ಸಾಲಿನಲ್ಲಿ ಕೂತು ಉಂಡೆ, ನಾನು ಬಡಿಸಿದೆ. ಇನ್ನೊಂದು ಹೋಳಿಗೆ ಹಾಕಲೇ ಎಂದು ಸಹ ಕೇಳಲಿಲ್ಲ. ಕೇಳಿದರೆ ದನಿ ಬೇರೆಯಾಗುತ್ತಿತ್ತು.

ಡಾಕ್ಟರ್ ಕೇಳಿದಾಗ ಬಾಯಿ ತಾನೇ ಹೇಳಿಬಿಟ್ಟಿತು. ಅವರು ಯಾಕೆ ಕೇಳುತ್ತಾರೆಂದು ಆಗ ತಿಳಿದಿರಲಿಲ್ಲ. ತಿಳಿದ ಮೇಲೆ ಯಾಕೆ ಸುಮ್ಮನಿದ್ದೆ ಎಂದು ನೀನು ಬರೆದಿಲ್ಲ, ಆದರೆ ಕೇಳಿದ್ದೀ. ಇಬ್ಬರಲ್ಲಿ ಒಬ್ಬನನ್ನು ಇಟ್ಟುಕೊಂಡೆ, ಒಬ್ಬನನ್ನು ಕೊಟ್ಟೆ. ಈಗ ಇಟ್ಟುಕೊಂಡವನ ಸಲುವಾಗಿ ಕೊಟ್ಟವನ ಎಲುಬು ಬೇಡಲೇ? ಯಾವ ಮುಖದಿಂದ?

ನಿನ್ನ ಚಿಗವ್ವನೂ ಇಲ್ಲ, ಕಾಕಾನೂ ಇಲ್ಲ. ಕೊಟ್ಟ ಮಾತನ್ನು ತಿರುಗಿ ಕೊಡು ಎಂದು ಯಾರ ಹತ್ತಿರ ಹೋಗಲಿ?

ಎಲುಬು ಒಡೆದು ತೆಗೆಯುತ್ತಾರೇನು? ಅದಷ್ಟು ಬರೆ.

ನಿನ್ನ ದೊಡ್ಡವ್ವ,
ನೀಲಗಂಗಮ್ಮ


ಕಲಬುರಗಿ
8-4-2004

ದೊಡ್ಡವ್ವನವರಿಗೆ ಶರಣು.

ಎಲುಬು ಒಡೆಯುವುದಿಲ್ಲ. ಕೆಲವು ದಿನ ಚುಚ್ಚುಮದ್ದು ಕೊಡುತ್ತಾರೆ, ಅದರಿಂದ ಮಜ್ಜೆಯ ಕಣಗಳು ರಕ್ತಕ್ಕೆ ಇಳಿಯುತ್ತವೆ. ಆಮೇಲೆ ಒಂದು ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಸೋಸಿ, ಉಳಿದದ್ದನ್ನು ಇನ್ನೊಂದು ತೋಳಿಗೆ ಬಿಡುತ್ತಾರೆ. ಮೈ ನೋಯುತ್ತದೆ, ಜ್ವರ ಬಂದಂತೆ. ನಾನು ಮತ್ತೆ ಲೈಬ್ರರಿಗೆ ಹೋಗಿ ಎಲ್ಲರೊಡನೆ ಜಗಳ ತೆಗೆಯುವಷ್ಟು ಗಟ್ಟಿಯಾಗಿಯೇ ಇರುತ್ತೇನೆ.

ಅವನಿಗೆ ಇದು ಸುಲಭವಲ್ಲ. ಮೊದಲು ಔಷಧ ಕೊಟ್ಟು ಅವನ ಹಳೆಯ ಮಜ್ಜೆಯನ್ನು ಸುಟ್ಟುಹಾಕುತ್ತಾರೆ. ಹೊಸದು ಬೇರೂರುವ ತನಕ ಸಣ್ಣ ನೆಗಡಿಯೂ ಅವನ ಜೀವ ತೆಗೆಯಬಹುದು. ಬೇರೂರಿದ ಮೇಲೂ ಅಪಾಯವಿದೆ. ನಾನು ಓದಿದ್ದರಲ್ಲಿ ಬದುಕಿದವರೂ ಇದ್ದಾರೆ, ಸತ್ತವರೂ ಇದ್ದಾರೆ, ಯಾವುದು ಹೆಚ್ಚು ಎಂದು ಹೇಳಲಾಗದಷ್ಟು ಸಮಸಮ. ಮಾಡಿಸದಿದ್ದರೆ ಎಣಿಕೆಯೇ ಬೇಕಿಲ್ಲ.

ನನಗೆ ಸಿಟ್ಟು ಬಂದಿಲ್ಲವೆಂದು ತಿಳಿಯಬೇಡಿ. ದತ್ತು ಹೋದ ಹುಡುಗ ಹಬ್ಬಕ್ಕೆ ತನ್ನ ಮನೆಗೇ ಅತಿಥಿಯಾಗಿ ಬಂದು, ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗಬೇಕು. ಒಳಗೆ ನಿಮ್ಮ ಬಳೆಯ ಸದ್ದು ಕೇಳಿಸುತ್ತಿತ್ತು. ಚಹಾದ ಬಟ್ಟಲು ತರುತ್ತಿದ್ದವನು ಮರೆಪ್ಪ. ಒಂದು ಸಲ ಅವನು ಬಟ್ಟಲಿನ ಜೊತೆ ಅಂಗೈಯಲ್ಲಿ ಬೆಲ್ಲ ಮುಚ್ಚಿಕೊಂಡು ಬಂದು, "ಅವ್ವ ಕೊಟ್ಟಿಲ್ಲ, ನಾ ಕದ್ದೀನಿ" ಎಂದ. ಕೊಟ್ಟದ್ದು ನೀವೇ ಎಂದು ಇಬ್ಬರಿಗೂ ಗೊತ್ತಿತ್ತು.

ಮಾತು ತೆಗೆದುಕೊಂಡವರು ಸತ್ತಿದ್ದಾರೆ, ಕೊಟ್ಟವರು ಬದುಕಿದ್ದೀರಿ. ಸತ್ತವರ ಮನಸ್ಸು ನೋಯದಿರಲೆಂದು ಬದುಕಿದವನನ್ನು ಮಣ್ಣು ಮಾಡುವ ಪದ್ಧತಿ ಯಾವ ಶರಣರು ಹೇಳಿದ್ದು? ನೀವು ನನ್ನಿಂದ ಏನನ್ನೂ ಬೇಡುವುದು ಬೇಡ. ಕೊಡುವುದು ನನಗಿರಲಿ. ನೀವು ಎಣಿಸಿದರೆ ಸಾಕು.

ನೀಲಕಂಠ


ಕಲಬುರಗಿ
22-6-2004

ದೊಡ್ಡವ್ವನವರಿಗೆ ಶರಣು.

ನಿಮ್ಮಿಂದ ಉತ್ತರ ಬರಲಿಲ್ಲ. ಬುರ್ಹಾನುದ್ದೀನ್ ಮಾತ್ರ ಸುದ್ದಿ ಕೊಟ್ಟ: "ಬಡೀ ಅಮ್ಮಾ ಹೈದರಾಬಾದ್ ಬಸ್ ಹತ್ತಿದ್ರು. ಎಲ್ಲಿಗಿ ಅಂದ್ರ ಬಾಯಿ ಬಿಡ್ಲಿಲ್ಲ. ಹುಮನಾಬಾದಿನ್ಯಾಗ ಚಹಾ ಕೊಟ್ಟೆ, ಕುಡೀಲಿಲ್ಲ."

ಹೋದ ವಾರ ಡಾಕ್ಟರರು ನನ್ನನ್ನು ಕರೆಸಿದರು. ರಕ್ತ ತೆಗೆದುಕೊಳ್ಳುವ ಮೊದಲು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ತಾಯಿ ಬಂದಿದ್ದರು. ಬಹಳ ಹೊತ್ತು ಆ ಕುರ್ಚಿಯಲ್ಲಿ ಕೂತಿದ್ದರು. ಇಬ್ಬರು ಎಂದು ಹೇಳಿ ಎದ್ದು ಹೋದರು." ಅವರು ಹೇಳಿದ್ದು ಇಷ್ಟೇ. ಆ ಕುರ್ಚಿಯ ಮೇಲೆ ಕೂರಲು ಮನಸ್ಸಾಗದೆ ನಿಂತೇ ರಕ್ತ ಕೊಡಲು ಹೋಗಿ ನರ್ಸ್‌ನಿಂದ ಬೈಸಿಕೊಂಡೆ.

ರಕ್ತದ ಗುಂಪು ಬೇರೆಯಾದರೂ ನನ್ನ ಕಣಗಳು ಪೂರ್ತಿ ಹೊಂದುತ್ತವೆ. ಒಡಹುಟ್ಟಿದವರಲ್ಲೂ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಹೀಗೆ ಹೊಂದುವುದಂತೆ.

ಇನ್ನೊಂದು ಮಾತನ್ನು ಮುಚ್ಚಿಡಲಾರೆ. ಹೋದ ವರ್ಷ ಮಾಡಿದ್ದರೆ ಚೆನ್ನಿತ್ತು ಎಂದರು ಡಾಕ್ಟರರು. ಗುಲ್ಮ ಈಗ ಕಿಬ್ಬೊಟ್ಟೆಗೆ ಮುಟ್ಟಿದೆ, ಇಷ್ಟು ಸಲ ಹಾಕಿಸಿಕೊಂಡ ರಕ್ತದ ಕಬ್ಬಿಣ ಪಿತ್ತಜನಕಾಂಗದಲ್ಲಿ ಕೂತಿದೆ. ಆದರೂ ಮಾಡೋಣವೆಂದಿದ್ದಾರೆ, ಮದರಾಸಿನ ಕಡೆಯ ಒಂದು ಆಸ್ಪತ್ರೆಯಲ್ಲಿ. ಶ್ರಾವಣದ ಹೊತ್ತಿಗೆ ನಾನು, ವೈನಿ, ಮರೆಪ್ಪ ಹೊರಡುತ್ತೇವೆ.

ನೀಲಕಂಠ


ಕಮಲಾಪುರ
5-9-2004

ಚಿರಂಜೀವಿ ನೀಲಕಂಠನಿಗೆ ಆಶೀರ್ವಾದ.

ನಿನ್ನಿಂದ ತೆಗೆದು ಅವನಿಗೆ ಕೊಟ್ಟರೆಂದು ಶಾರದಾ ಫೋನು ಮಾಡಿದ್ದಳು. ಅವನು ಗಾಜಿನ ಕೋಣೆಯಲ್ಲಿದ್ದಾನೆ, ಬಾಯಿ ಹುಣ್ಣಾಗಿ ನೀರೂ ಇಳಿಯುತ್ತಿಲ್ಲ ಎಂದಳು. ಅವನದೆಲ್ಲ ಹೇಳಿದಳು. ನಿನ್ನದು ಹೇಳಲಿಲ್ಲ. ಪಡಸಾಲೆಯಲ್ಲಿ ಮಂದಿ ಇದ್ದರು, ನಾನೂ ಕೇಳಲಿಲ್ಲ.

ನಿನಗೆ ನೋವಾಯಿತೇ? ಸೊಂಟ ನೋಯುತ್ತದೆ ಎನ್ನುತ್ತಾರೆ. ಮಲಗಲು ಜಾಗವಿದೆಯೇ, ಅನ್ನವಷ್ಟೇ ಕೊಡುತ್ತಾರೋ ರೊಟ್ಟಿ ಸಿಗುತ್ತದೋ? ಚಿಕ್ಕವನಿದ್ದಾಗ ನೀನು ಅನ್ನ ಉಂಡರೆ ಉಂಡಂತೆಯೇ ಅಲ್ಲ ಎನ್ನುತ್ತಿದ್ದೆ.

ಮರೆಪ್ಪ ಹಚ್ಚಿದ ಕೆಂಪು ಬಾಳೆ ಗೊನೆ ಹಾಕಿದೆ. ಇನ್ನೂ ಎಳೆಯದು.

ದೊಡ್ಡವ್ವ


ಆಸ್ಪತ್ರೆಯಿಂದ
17-10-2004

ದೊಡ್ಡವ್ವನವರಿಗೆ ಶರಣು.

ನೋವಾಯಿತು, ಹೋಯಿತು. ರೊಟ್ಟಿ ಸಿಗುವುದಿಲ್ಲ.

ಒಳ್ಳೆಯ ಸುದ್ದಿ ಮೊದಲು. ಕಣಗಳು ಬೇರೂರಿವೆ. ಬಹಳ ತಡವಾಯಿತು, ಗುಲ್ಮ ಹೊಸ ಕಣಗಳನ್ನೆಲ್ಲ ನುಂಗುತ್ತಿದೆ ಎಂದು ಡಾಕ್ಟರರು ಹೆದರಿಸಿದ್ದರು. ಆದರೆ ಈಗ ಅವನ ಎಲುಬಿನಲ್ಲಿ ರಕ್ತ ಹುಟ್ಟುತ್ತಿದೆ. ಅವನ ರಕ್ತದ ಗುಂಪು ಬದಲಾಗುತ್ತಿದೆಯಂತೆ, ನನ್ನದಾಗುತ್ತಿದೆ. ಕೇಳಿದರೆ ಕಟ್ಟುಕತೆ ಅನ್ನಿಸುತ್ತದೆ, ಕಾಗದದ ಮೇಲೆ ಬರೆದು ಕೊಟ್ಟಿದ್ದಾರೆ.

ನಿನ್ನೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದೆ. ಮರೆಪ್ಪ ಸಣ್ಣ ದನಿಯಲ್ಲಿ, "ನಿನ್ನ ರಕ್ತ ಹರಿಲಾಕತ್ತಿದಾಗಿಂದ ನಂಗೂ ಸಿಟ್ಟು ಬರ್ಲಾಕತ್ತದ ನೋಡು. ಮುಂಜಾನಿ ನರ್ಸಬಾಯಿ ಜೋಡಿ ಜಗಳಾಡ್ದೆ" ಎಂದ.

"ಪೇಪರಿಗಿ ಒಂದು ಪತ್ರ ಬರಿ ಹಂಗಾದ್ರ."

"ಬರೀತೀನಿ. ಕೆಳಗ ಯಾರ ಸಹಿ ಹಾಕಲಿ, ನಂದೋ ನಿಂದೋ?"

ವೈನಿ ಗಾಜಿನ ಆಚೆ ನಿಂತು ನಗುತ್ತಿದ್ದರು. ಇಷ್ಟು ದಿನದಲ್ಲಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮರೆಪ್ಪನ ಅಂಗೈಯಲ್ಲಿ ಕೆಂಪು ಗುಳ್ಳೆಗಳೆದ್ದಿವೆ. ನೋಡುತ್ತಿದ್ದಾರೆ.

ನೀಲಕಂಠ


ಆಸ್ಪತ್ರೆಯಿಂದ
9-12-2004

ದೊಡ್ಡವ್ವ,

ಫೋನಿನಲ್ಲಿ ವೈನಿ ನಿಮಗೆ ಚರ್ಮದ ಕಾಯಿಲೆ ಎಂದಷ್ಟೇ ಹೇಳಿದ್ದಾರೆ. ನಿಜ ಬರೆಯುತ್ತೇನೆ, ಸುಳ್ಳು ಕೇಳಿ ಸಾಕಾಗಿದೆ.

ಚರ್ಮ ಸುಲಿಯುತ್ತಿದೆ. ಕರುಳಿಗೆ, ಪಿತ್ತಜನಕಾಂಗಕ್ಕೆ ಹಬ್ಬಿದೆ. ಕಣ್ಣು ಅರಿಶಿನ. ಇದು ಹೊರಗಿನಿಂದ ಬಂದ ರೋಗವಲ್ಲ. ನಾನು ಕೊಟ್ಟ ಕಣಗಳು ಅವನ ಮೈಯನ್ನು ಪರರದೆಂದು ತಿಳಿದು ಕಾದಾಡುತ್ತಿವೆ. ಅಷ್ಟು ಪೂರ್ತಿ ಹೊಂದಿದವು ಹೀಗೇಕೆ ಎಂದು ಡಾಕ್ಟರರ ಮೇಲೆ ಕೂಗಾಡಿದೆ. ಹೊಂದಿದರೂ ಕೆಲವರಲ್ಲಿ ಹೀಗಾಗುತ್ತದೆ, ಯಾರಲ್ಲಿ ಎಂದು ಮೊದಲೇ ಹೇಳಲು ಬರುವುದಿಲ್ಲ ಎಂದರು. ಅವನು ಅಣ್ಣನೆಂದು ನನ್ನ ರಕ್ತಕ್ಕೂ ಯಾರೂ ಹೇಳಿಕೊಟ್ಟಿಲ್ಲ.

ಮರೆಪ್ಪನದು ನಿನ್ನೆ ಒಂದೇ ಮಾತು: "ನೀ ಊರಿಗಿ ಹೋಗು, ಲೈಬ್ರರಿ ಕೀಲಿ ಹಾಕಿ ಎಷ್ಟು ದಿನಾತು?" ನಾನು ಹೋಗುವುದಿಲ್ಲ.

ನೀವು ಬರಬೇಕೆಂದಿದ್ದರೆ ಈಗ ಬನ್ನಿ.

ನೀಲಕಂಠ


ಕಲಬುರಗಿ
11-2-2005

ಮರೆಪ್ಪನಿಗೆ ಮಣ್ಣು ಕೊಟ್ಟು ಬಂದು ತಿಂಗಳಾಯಿತು. ಈ ಪತ್ರವನ್ನು ಮೂರು ಸಲ ಹರಿದುಹಾಕಿದ್ದೇನೆ.

ಅವತ್ತು ಹೊಲದಲ್ಲಿ ಕುಣಿಯ ಮುಂದೆ ಅಯ್ಯನವರು, "ಒಡಹುಟ್ಟಿದವರು ಯಾರದಾರ, ಮುಂದ ಬರ್ರಿ" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಇಡೀ ಊರಿಗೇ ಗೊತ್ತಿರುವ ಗುಟ್ಟು ಅದು. ನಾನು ಸೋದರ ಸಂಬಂಧಿಗಳ ಸಾಲಿನಲ್ಲಿ ನಿಂತಿದ್ದೆ. ನಿನ್ನ ಕಡೆ ನೋಡಿದೆ. ಒಂದು ಸನ್ನೆ ಸಾಕಿತ್ತು. ನೀನು ತಲೆ ಎತ್ತಲಿಲ್ಲ. ಅಯ್ಯನವರು ಸ್ವಲ್ಪ ಕಾದು, "ಯಾರೂ ಇಲ್ಲಂದ್ರ ಉಳಿದವರು ಬರ್ರಿ" ಎಂದರು. ಉಳಿದವರ ಜೊತೆ ಬಂದು ನಾನೂ ಒಂದು ಹಿಡಿ ಹಾಕಿದೆ.

ಹೈದರಾಬಾದಿನಲ್ಲಿ ಗುರುತಿಲ್ಲದ ಡಾಕ್ಟರನ ಮುಂದೆ ಇಬ್ಬರು ಎಂದು ಹೇಳಬಂದವಳಿಗೆ, ಹೆತ್ತ ಊರಿನಲ್ಲಿ ಯಾಕೆ ಬಾಯಿ ಬರಲಿಲ್ಲ?

ಒಂದು ವರ್ಷ ಮೊದಲು ಮಾಡಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರರನ್ನು ಕೇಳಿದೆ. "ಉಳಿಯಬಹುದಿತ್ತು. ಆಗಲೂ ಹೀಗೇ ಆಗಬಹುದಿತ್ತು" ಎಂದರು. ಹೌದು ಎಂದಿದ್ದರೆ ನಿನ್ನ ಮೇಲೆ ಸಿಟ್ಟಾಗಿ ಬದುಕುತ್ತಿದ್ದೆ. ಇಲ್ಲ ಎಂದಿದ್ದರೆ ಸುಮ್ಮನಾಗುತ್ತಿದ್ದೆ. ಎರಡನ್ನೂ ಕೊಡಲಿಲ್ಲ. ಮಲೇರಿಯಾ ಗುಳಿಗೆ ಕೊಟ್ಟವರ ಮೇಲೆ ಪತ್ರಿಕೆಗೆ ಬರೆದೆ, ಅಚ್ಚಾಯಿತು. ಈ ಉಳಿದದ್ದನ್ನು ಯಾವ ಪತ್ರಿಕೆಗೆ ಕಳಿಸಲಿ?

ಉತ್ತರ ಬರೆಯಲೇಬೇಕೆಂದೇನಿಲ್ಲ.

ನೀಲಕಂಠ


ಕಮಲಾಪುರ
3-4-2005

ನೀಲಕಂಠಾ,

ಶಾರದಾ ಊಟ ಮಾಡುತ್ತಾಳೆ, ಮಾತು ಕಡಿಮೆ. ನಾನು ಇದ್ದೇನೆ.

ಅವತ್ತು ನಿನ್ನನ್ನು ಕರೆಯಲಿಲ್ಲ ಎಂದು ಬರೆದಿದ್ದೀ. ನೀನು ನೋಡಿದ್ದು ನನಗೆ ಗೊತ್ತು. ತಲೆ ಎತ್ತಿದ್ದರೆ ಕರೆಯುತ್ತಿದ್ದೆ, ಅದಕ್ಕೇ ಎತ್ತಲಿಲ್ಲ. ಒಬ್ಬನನ್ನು ಕುಣಿಗೆ ಇಳಿಸಿ ಆ ಹೊತ್ತಿನಲ್ಲೇ ಇನ್ನೊಬ್ಬನನ್ನು ಮಗ ಎಂದು ಕರೆದರೆ ಅದು ಏನಾಗುತ್ತಿತ್ತು? ಊರವರು, ಮುದುಕಿ ಒಂದು ಹೋಯಿತೆಂದು ಇನ್ನೊಂದನ್ನು ಎಳಕೊಂಡಳು ಎನ್ನುತ್ತಿದ್ದರು. ಅವರು ಅನ್ನಲಿ. ನಿನಗೂ ಒಂದು ದಿನ ಹಾಗೆ ಅನ್ನಿಸುತ್ತಿತ್ತು. ಕಾಕಾನ ಮನೆಯಲ್ಲಿ ಹುಟ್ಟದ ಮಗನ ಬದಲಿಗೆ ನಿನ್ನನ್ನು ಕಳಿಸಿದೆ. ಸತ್ತ ಮಗನ ಬದಲಿಗೆ ನಿನ್ನನ್ನು ತಂದುಕೊಳ್ಳಲಾರೆ. ಬದಲಿಯಾಗಿದ್ದು ಒಂದು ಸಲಕ್ಕೆ ಸಾಕು.

ಡಾಕ್ಟರ್ ಮುಂದೆ ಹೇಳಿದಾಗ ಇಬ್ಬರೂ ಬದುಕಿದ್ದಿರಿ. ಆಗ ಹೇಳಲು ಬಂತು.

ಆ ಒಂದು ವರ್ಷದ್ದು ನನ್ನ ಜೊತೆಗೇ ಇದೆ. ಅದನ್ನು ನೀನು ಹೊರಬೇಡ. ನಿನ್ನ ರಕ್ತವನ್ನೂ ಬೈಯಬೇಡ. ಕೊನೆಯ ರಾತ್ರಿ ಮಲಗುವ ಮುಂಚೆ ಅವನು ಶಾರದಾಳಿಗೆ, "ನೀಲ್ಯಾನ ರಕ್ತ ಬೆಚ್ಚಗದ" ಎಂದನಂತೆ. ನಾನು ಬಂದು ಮುಟ್ಟುವಾಗ ಮೈ ಆರಿತ್ತು.

ಮೊನ್ನೆ ದವಾಖಾನೆಯಿಂದ ಮನೆಮನೆ ಬರೆದುಕೊಳ್ಳುವ ಹುಡುಗಿ ಬಂದಿದ್ದಳು. ನಿಮ್ಮ ಅತ್ತೆಗೆ ಮಕ್ಕಳೆಷ್ಟು ಎಂದು ಶಾರದಾಳನ್ನು ಕೇಳಿದಳು. ಶಾರದಾ ಸೆರಗು ಬಾಯಿಗೆ ಇಟ್ಟುಕೊಂಡಳು. ಪಡಸಾಲೆಯಲ್ಲಿ ನಾಲ್ಕು ಮಂದಿ ಕೂತಿದ್ದರು, ಮಠದ ಅಯ್ಯನವರೂ ಇದ್ದರು. ನಾನು ಒಳಗಿನಿಂದ ಎದ್ದು ಬಂದು, "ಇಬ್ಬರು" ಎಂದೆ.

"ಈಗ ಇದ್ದವರು ಎಷ್ಟು ಮಂದಿ ಆಯೀ?" ಎಂದಳು ಆ ಹುಡುಗಿ.

"ನೀ ಕೇಳಿದ್ದು ಮಕ್ಕಳೆಷ್ಟು ಅಂತ. ಇಬ್ಬರು ಅಂತ ಬರ್ಕೋ ತಂಗಿ."

ಬರೆದುಕೊಂಡಳು.

ಅವನ ಬಾಳೆಗೊನೆ ಹಣ್ಣಾಗಿ ಹೋಯಿತು, ಬುಡದಲ್ಲಿ ಎದ್ದಿದ್ದ ಮರಿಯೂ ಈಗ ಗೊನೆ ಹಾಕಿದೆ. ಬುರ್ಹಾನುದ್ದೀನನ ಕೈಯಲ್ಲಿ ಕಳಿಸುವುದಿಲ್ಲ. ನೀನೇ ಬಂದು ತಗೊಂಡು ಹೋಗು. ಕಟ್ಟೆಯ ಮೇಲೆ ಕೂರಬೇಡ.

ನೀಲಗಂಗಮ್ಮ